ವಖಾರಿ ಓಣಿಯ ಪಾಠದ ಪಾಳಿ

ನಿಪ್ಪಾಣಿಯಲ್ಲಿ ನಾನು ಆಡಿದ ಮೊದಲ ಮಾತೆಂದರೆ ಒಂದು ಸೀನು. ಎರಡನೆಯದೂ ಸೀನೇ. ಟೆಂಪೋದಿಂದ ಹಾಸಿಗೆಯ ಸುರುಳಿ ಇಳಿಸಿಕೊಂಡು ಓಣಿಯಲ್ಲಿ ಕಾಲಿಟ್ಟೆನೋ ಇಲ್ಲವೋ, ಮೂಗಿನೊಳಗೆ ಯಾರೋ ಖಾರಪುಡಿ ಊದಿದಂತಾಯಿತು. ಕಣ್ಣಲ್ಲಿ ನೀರು, ಕೈಯಲ್ಲಿ ಸುರುಳಿ, ನಡು ಓಣಿಯಲ್ಲಿ ನಿಂತು ಸೀನುತ್ತಲೇ ಇದ್ದೇನೆ. ಎದುರು ಮನೆಯ ಕಟ್ಟೆಯ ಮೇಲೆ ಬೀಡಿ ಎಲೆ ಕತ್ತರಿಸುತ್ತ ಕುಳಿತಿದ್ದ ಹೆಂಗಸು ತಲೆ ಎತ್ತದೆ ಲೆಕ್ಕ ಹಿಡಿದಿದ್ದಳು: "ಅಕರಾ... ಬಾರಾ... ತೇರಾ..." ಹದಿಮೂರಕ್ಕೆ ನಿಂತಿತು. ಆಗ ಕತ್ತರಿ ಕೆಳಗಿಟ್ಟು ಹೇಳಿದಳು, "ಆಜೋಬಾ, ಸವಯ್ ಹೋಯಿಲ."

ಆಜೋಬಾ ಎಂದರೆ ಅಜ್ಜ. ಸವಯ್ ಎಂದರೆ ರೂಢಿ. ರೂಢಿಯಾಗುತ್ತದೆ ಬಿಡು, ಅಂದಳು. ನಮ್ಮ ಕಡೆ ಹೊಸದಾಗಿ ಬಂದವರಿಗೆ ಮೊದಲು ನೀರು ಕೊಡುತ್ತಾರೆ. ಇಲ್ಲಿ ಮೊದಲು ಧೈರ್ಯ ಕೊಟ್ಟರು, ನೀರು ಆಮೇಲೆ ಬಂತು.

ನಾನು ಐನಾಪುರದವನು. ನಾಲ್ಕನೆಯ ಇಯತ್ತೆಯವರೆಗೆ ಕಲಿತವನು, ಮುಂದಿನದೆಲ್ಲ ಕಬ್ಬಿನ ಗದ್ದೆಯೇ ಕಲಿಸಿತು. ಮೊಮ್ಮಗಳು ತ್ರಿಶಲಾ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಬೆಳಿಗ್ಗೆ ನಿಪ್ಪಾಣಿಯ ಒಂದು ಕಾಲೇಜಿನಲ್ಲಿ, ಮಧ್ಯಾಹ್ನ ಚಿಕ್ಕೋಡಿಯ ಇನ್ನೊಂದರಲ್ಲಿ ಕಲಿಸುವ ಕೆಲಸ ಹಿಡಿದಳು. ಬಾಡಿಗೆ ಮನೆ ಹುಡುಕಲು ಹೋದರೆ ಮಾಲಕರೆಲ್ಲರದೂ ಒಂದೇ ಮಾತು: ಒಂಟಿ ಹುಡುಗಿಗೆ ಕೊಡುವುದಿಲ್ಲ, ಮನೆಯಲ್ಲಿ ಹಿರಿಯರು ಇರಬೇಕು. ಹೀಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು 'ಹಿರಿಯರು' ಎಂಬ ಹುದ್ದೆಗೆ ನೇಮಕವಾದೆ. ಹೆಂಡತಿ ಚಂಪಾ ಮಗ-ಸೊಸೆಯ ಜೊತೆ ಊರಿನಲ್ಲೇ ಉಳಿದಳು.

"ನನ್ನ ಕೈ ಬಿಟ್ರ ಆ ಎಮ್ಮಿ ಯಾರಿಗೂ ಹಾಲು ಇಳಸೂದಿಲ್ಲ," ಎಂದಳು. "ನೀವು ಹೋಗ್ರಿ. ನೀವು ಹೆಂಗೂ ಹಾಲು ಕೊಡಂಗಿಲ್ಲ."

ಐನಾಪುರದಿಂದ ನಿಪ್ಪಾಣಿ ಎಷ್ಟು ದೂರ ಎಂದು ನೀವು ನಗಬಹುದು. ಎರಡು ಬಸ್ಸು ಬದಲಿಸಿದರೆ ಮುಗಿಯಿತು. ಆದರೆ ಹೊಳೆದಂಡೆಯ ಮನುಷ್ಯನನ್ನು ತಂಬಾಕಿನ ಓಣಿಯಲ್ಲಿ ನೆಟ್ಟು ನೋಡಿ. ತಂಬಾಕು ಕುಟ್ಟಿ, ಜರಡಿ ಹಿಡಿದು, ಚೀಲ ತುಂಬುವ ಗೋದಾಮಿಗೆ ಇಲ್ಲಿ ವಖಾರಿ ಎನ್ನುತ್ತಾರೆ. ನಮ್ಮ ಓಣಿಯ ತುದಿಗೆ ಅಂಥ ದೊಡ್ಡ ವಖಾರಿ ಇದೆ. ಊರಲ್ಲಿ ನಾನು ಪಂಪಿನ ಮೋಟರಿನ ಸದ್ದಿಗೆ ಏಳುತ್ತಿದ್ದೆ, ಇಲ್ಲಿ ವಖಾರಿಗೆ ಹೋಗುವ ಹೆಂಗಸರ ಚಪ್ಪಲಿಯ ಸದ್ದಿಗೆ ಏಳುತ್ತೇನೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಉಂಡು ಕೈತೊಳೆಯುವವರು. ಇಲ್ಲಿ ನನ್ನ ಊಟ ಮುಗಿದು ಎಷ್ಟೋ ಹೊತ್ತಿನ ಮೇಲೆ ಓಣಿಯಲ್ಲಿ ಒಲೆ ಹೊತ್ತುತ್ತದೆ. ಕಡಲೆಹಿಟ್ಟಿನ ಝುಣಕದ ಒಗ್ಗರಣೆಯ ವಾಸನೆ ಕಿಟಕಿಯಿಂದ ಒಳಗೆ ಬಂದು ಬಾಯಿ ಮುಚ್ಚಿಕೊಂಡ ಮುದುಕನನ್ನು ಅಣಕಿಸುತ್ತದೆ.

ಮರಾಠಿ ನನಗೆ ಹೊಸದಲ್ಲ. ಮಿರಜಿನ ಪೇಟೆಗೆ ಹೋಗಿಬರುವವರು ನಾವು. ಆದರೆ ನನ್ನದು ಪೇಟೆಯ ಮರಾಠಿ: ಎಷ್ಟು, ಹೇಗೆ, ಕಡಿಮೆ ಮಾಡು. ಸಿಟ್ಟಿಗೆ, ಚಾಷ್ಟಿ-ತಮಾಷೆಗೆ, ಸಮಾಧಾನಕ್ಕೆ ನನ್ನಲ್ಲಿ ಮರಾಠಿ ಇರಲಿಲ್ಲ. ಎದುರು ಮನೆಯವಳು, ಅಕ್ಕಾತಾಯಿ ಅವಳ ಹೆಸರು, ಅರ್ಧ ಮರಾಠಿ ಅರ್ಧ ಕನ್ನಡ ಕಲಸಿ ಮಾತಾಡುತ್ತಾಳೆ. ನಾನು ಏನಾದರೂ ತಮಾಷೆ ಮಾಡಬೇಕೆಂದು ಮನಸ್ಸಿನಲ್ಲಿ ಮರಾಠಿ ಜೋಡಿಸುವಷ್ಟರಲ್ಲಿ ಅವಳು ವಖಾರಿಗೆ ಹೋಗಿಬಿಟ್ಟಿರುತ್ತಿದ್ದಳು.

ಕೈಗೆ ಕೆಲಸವಿಲ್ಲದ್ದೇ ನನ್ನ ದೊಡ್ಡ ರೋಗ. ತ್ರಿಶಲಾ ನೋಡಿದಳು, ಒಂದು ಫೋನು ತಂದು ಕೊಟ್ಟಳು. ದಿನಾ ಮಧ್ಯಾಹ್ನ ಮೂರಕ್ಕೆ ಚಂಪಾಳ ಮುಖ ಅದರಲ್ಲಿ ಬರತೊಡಗಿತು. ಅರ್ಧ ಹೊತ್ತು ಅವಳ ಹಣೆ ಮಾತ್ರ, ಇನ್ನರ್ಧ ಹೊತ್ತು ಎಮ್ಮೆಯ ಬೆನ್ನು. ಆದರೂ ಆ ಮುಕ್ಕಾಲು ತಾಸಿಗಾಗಿ ನಾನು ಉಳಿದ ದಿನವನ್ನು ತಳ್ಳುತ್ತಿದ್ದೆ.

ಅದೇ ಫೋನಿನಲ್ಲಿ ತ್ರಿಶಲಾಳ ಪಾಠವೂ ಬರುತ್ತದೆ ಎಂದು ತಿಳಿದ ದಿನ ನನಗೆ ಮಂಗ್ಯಾನಂತೆ ಕುಣಿಯಬೇಕೆನಿಸಿತು. ಅವಳ ಕಲಿಸುವ ಪದ್ಧತಿ ಹೀಗೆ: ಅರ್ಧ ಪಾಠ ಕಾಲೇಜಿನ ಕೋಣೆಯಲ್ಲಿ, ಅರ್ಧ ಫೋನಿನ ಆ್ಯಪಿನಲ್ಲಿ. ಮನೆಯಲ್ಲಿ ಜೋಳದ ಡಬ್ಬಿಗೆ ಫೋನು ಒರಗಿಸಿ, ಗೋಡೆಗೆ ಹಲಗೆ ಹಚ್ಚಿ, ತಾನೇ ಪಾಠ ಹೇಳಿ ತುಂಬುತ್ತಾಳೆ. ಆಗ ಕುಕ್ಕರಿನ ಸೀಟಿ ಊದದಂತೆ ನೋಡಿಕೊಳ್ಳುವುದು ಮತ್ತು ಸೀನು ಬಂದರೆ ಹಿತ್ತಲಿಗೆ ಓಡುವುದು ನನ್ನ ಕೆಲಸ. ಒಟ್ಟು ಇಪ್ಪತ್ನಾಲ್ಕು ಪಾಠ. ಪ್ರತಿ ಪಾಠದ ಕೊನೆಗೆ ನಾಲ್ಕೈದು ಪ್ರಶ್ನೆ. ಬೇಡಿಕೆ ಹೆಚ್ಚಾದರೆ ಬೆಲೆ ಏಕೆ ಏರುತ್ತದೆ ಎಂದು ನನ್ನ ಮೊಮ್ಮಗಳು ಕೈ ತಿರುಗಿಸಿ ಹೇಳುವಾಗ, ಐವತ್ತು ವರ್ಷ ಕಬ್ಬು ಬೆಳೆದ ನಾನೂ ಬಾಯಿ ತೆರೆದು ಕೇಳಿದೆ.

ಅವಳ ವಿದ್ಯಾರ್ಥಿನಿಯರಲ್ಲಿ ಆರು ಹುಡುಗಿಯರು ನಮ್ಮ ಓಣಿಯವರೇ. ಅಕ್ಕಾತಾಯಿಯ ಮಗಳು ಸಾರಿಕಾ ಅವರಲ್ಲೊಬ್ಬಳು, ಕೊನೆಯ ವರ್ಷ. ತಂದೆ ಇಲ್ಲ. ಮನೆಗೆ ಒಂದೇ ಫೋನು, ಅದು ತಾಯಿಯ ಸೊಂಟದಲ್ಲಿ ವಖಾರಿಗೆ ಹೋಗುತ್ತದೆ. ಯಾವ ಪಾಳಿಗೆ ಎಷ್ಟು ಹೆಂಗಸರು ಬೇಕೆಂದು ಮುಕಾದಮ, ಅಂದರೆ ಮೂರ್ನಾಲ್ಕು ವಖಾರಿ ನೋಡಿಕೊಳ್ಳುವ ಕೆಲಸದವರ ಮೇಲಿನವ, ಫೋನಿನಲ್ಲೇ ತಿಳಿಸುವುದು. ಉಳಿದ ಐವರ ಮನೆಯಲ್ಲಿ ನೆಟ್ಟಿನ ಫೋನೇ ಇಲ್ಲ. ಕಾಲೇಜಿನ ಕಂಪ್ಯೂಟರ್ ಕೋಣೆಯ ವೈರು ರಸ್ತೆ ಅಗೆಯುವಾಗ ಹರಿದು ತಿಂಗಳಾಗಿತ್ತು.

"ಹಂಗಾದ್ರ ಪಾಠ ಹೆಂಗ ಕೇಳ್ತಿ ಬೇ?" ಎಂದು ಸಾರಿಕಾಳನ್ನು ಕೇಳಿದೆ.

"ಕೇಳೂದಿಲ್ರಿ ಅಜ್ಜಾ. ಪುಸ್ತಕ ಓದ್ತೇನಿ."

ನನಗೆ ತಡೆಯಲಿಲ್ಲ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಸದಿಯಲ್ಲಿ ಒಬ್ಬರು ಶಾಸ್ತ್ರ ಓದುತ್ತಾರೆ, ಐವತ್ತು ಮಂದಿ ಕುಳಿತು ಕೇಳುತ್ತಾರೆ. ಓದಿದವನಿಗೆಷ್ಟೋ ಕೇಳಿದವನಿಗೂ ಅಷ್ಟೇ ಪುಣ್ಯ. ಪಾಠವೂ ಹಾಗೆಯೇ ಎಂದು ನನ್ನ ತಲೆ ತೀರ್ಮಾನಿಸಿಬಿಟ್ಟಿತು. ಆರು ಹುಡುಗಿಯರನ್ನೂ ಕರೆದೆ. ಅಶ್ವಿನಿ ಎಂಬವಳು ನನ್ನ ಫೋನಿನಲ್ಲಿ ತನ್ನ ಹೆಸರು ಹಾಕಿ ಆ್ಯಪು ತೆರೆದಳು. ಫೋನನ್ನು ಸ್ಟೀಲಿನ ಪಾತ್ರೆಯಲ್ಲಿಟ್ಟೆ, ದನಿ ದೊಡ್ಡದಾಗುತ್ತದೆ. ಚಾಪೆ ಹಾಸಿದೆ. ಸಂಜೆ ಸಂಜೆ ಆರು ಜನ ಬೀಡಿ ಕಟ್ಟುತ್ತ ಪಾಠ ಕೇಳಿದರು. ಪ್ರಶ್ನೆ ಬಂದಾಗ ಮೊದಲು ಉತ್ತರ ಹೇಳುತ್ತಿದ್ದವಳು ಸಾರಿಕಾ, ಒತ್ತುತ್ತಿದ್ದವಳು ಅಶ್ವಿನಿ. ತ್ರಿಶಲಾ ಚಿಕ್ಕೋಡಿಯಿಂದ ಬರುವಷ್ಟರಲ್ಲಿ ಚಾಪೆ ಸುತ್ತಿಡುತ್ತಿದ್ದೆ. ಇಪ್ಪತ್ನಾಲ್ಕೂ ಮುಗಿದ ಮೇಲೆ ಒಂದೇ ಸಲ ಹೇಳಿ ಅವಳನ್ನು ದಂಗುಬಡಿಸಬೇಕೆಂಬ ಆಸೆ ನನ್ನದು.

ದಂಗುಬಡಿದದ್ದು ನಾನು.

ಒಂದು ಸಂಜೆ ತ್ರಿಶಲಾ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತಳು. "ಅಜ್ಜಾ, ನಮ್ಮ ಓಣಿ ಹುಡುಗ್ಯಾರು ಐದೂ ಜನ ಒಂದೂ ಪಾಠ ನೋಡಿಲ್ಲ. ಬರೇ ಅಶ್ವಿನಿದು ಪೂರ್ತಿ ಐತಿ. ಪ್ರಾಂಶುಪಾಲರು ಇವತ್ತ ಯಾದಿ ತಗಸ್ಯಾರ. ಎಲ್ಲಾ ಪಾಠ ಮುಗಸದವರಿಗೆ ಪರೀಕ್ಷಾದ ಹಾಲ್ ಟಿಕೆಟ್ ಇಲ್ಲಂತ."

"ನೋಡಿಲ್ಲಂದ್ರ? ಎಲ್ಲಾರೂ ಇಲ್ಲೇ ಕುಂತ ಕೇಳ್ಯಾರಲಾ!"

ಅವಳು ನನ್ನ ಮುಖ ನೋಡಿದಳು, ಮೂಲೆಯ ಚಾಪೆ ನೋಡಿದಳು, ಸ್ಟೀಲಿನ ಪಾತ್ರೆ ನೋಡಿದಳು. ಗೋಡೆಗೆ ಒರಗಿ ಕುಳಿತು ನಕ್ಕಳು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. "ಅಜ್ಜಾ, ಆ್ಯಪಿಗೆ ಕಣ್ಣಿಲ್ಲ. ಯಾರ ಹೆಸರು ಹಾಕಿ ತೆಗದೀರಿ, ಅವರೊಬ್ಬರೇ ಕೂತಾರಂತ ಅದು ತಿಳಕೊಂಡೈತಿ."

ಸಾರಿಕಾಳ ಸಂಗತಿ ಎಲ್ಲರಿಗಿಂತ ಕೆಟ್ಟದ್ದಾಗಿತ್ತು. ಈ ವರ್ಷ ಪರೀಕ್ಷೆ ಮುಗಿಸದಿದ್ದರೆ ಮಗಳನ್ನು ವಖಾರಿಗೆ ಹಚ್ಚುತ್ತೇನೆಂದು ಅಕ್ಕಾತಾಯಿ ಮುಕಾದಮನಿಗೆ ಮಾತು ಕೊಟ್ಟಿದ್ದಳು. ಆ ಹುಡುಗಿಯನ್ನು ಜರಡಿಯ ಮುಂದೆ ಕೂರಿಸಲು ಹೊರಟವನು ನಾನೇ, ಪುಣ್ಯ ಹಂಚುತ್ತೇನೆಂದು ಹೋದವನು.

ಇನ್ನು ಹದಿನಾಲ್ಕು ದಿನ ಬಾಗಿಲು ತೆರೆದಿರುತ್ತದೆ, ಕೊನೆಯ ದಿನ ಸಂಜೆ ಏಳಕ್ಕೆ ಆ್ಯಪು ತಾನೇ ಮುಚ್ಚಿಕೊಳ್ಳುತ್ತದೆ ಎಂದಳು ತ್ರಿಶಲಾ. ಪಾಠವನ್ನು ಓಡಿಸಿ ನೋಡುವಂತಿಲ್ಲ. ಪೂರ್ತಿ ನೋಡಬೇಕು, ತಮ್ಮ ಹೆಸರಲ್ಲೇ ನೋಡಬೇಕು. ಐದು ಹುಡುಗಿಯರು, ಇಪ್ಪತ್ನಾಲ್ಕು ಪಾಠ, ನೂರಾ ಇಪ್ಪತ್ತು ಸಲ. ಫೋನಿನ ನೆಟ್ಟೋ ದಿನಕ್ಕಿಷ್ಟೇ ಎಂದು ಬರುತ್ತದೆ, ನಾಲ್ಕು ಪಾಠಕ್ಕೆ ಬರಿದು. ಹೆಚ್ಚಿನ ನೆಟ್ಟು ನಾನು ಹಾಕಿಸುತ್ತೇನೆ ಎಂದರೆ ಅಕ್ಕಾತಾಯಿ ಕೈ ಅಡ್ಡ ಹಿಡಿದಳು: "ನಕೋ ಆಜೋಬಾ. ದಾನಾ ತಗೊಂಡ ಓದೂದ ನಮಗ ಬ್ಯಾಡ."

ದಿನಕ್ಕಿಷ್ಟೇ ಎಂಬ ಮಾತು ನನ್ನ ಕಿವಿಯಲ್ಲಿ ಗುಂಯ್ ಎಂದಿತು. ನಮ್ಮ ಊರಲ್ಲೂ ಕರೆಂಟು ದಿನಕ್ಕಿಷ್ಟೇ ತಾಸು, ಹೊಳೆಯಿಂದ ಎತ್ತುವ ನೀರು ಇಷ್ಟೇ, ಹೊಲ ಮಾತ್ರ ಇಪ್ಪತ್ತು ಜನರದು. ಐನಾಪುರದಲ್ಲಿ ಮೂವತ್ತು ವರ್ಷ ನಮ್ಮ ಪಂಪಿನ ಪಾಳಿ ಹಚ್ಚಿದವನು ನಾನು! ಪಾಳಿ ಎಂದರೆ ಸರದಿ. ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ನೀರು ಎಂಬ ಏರ್ಪಾಡು. ಬಡಿದಾಟವಿಲ್ಲದೆ ಇಪ್ಪತ್ತು ಹೊಲದ ಕಬ್ಬು ಹಸಿರಾಗಿಟ್ಟ ಕೈ ಇದು. ಹಳೆಯ ಕ್ಯಾಲೆಂಡರ್ ತಿರುವಿ ಹಾಕಿ, ಬೆನ್ನ ಮೇಲೆ ಗೆರೆ ಎಳೆದೆ. ಕೈ ತಾನಾಗಿ ಓಡಿತು.

ಪಾಳಿಗೆ ಕಟ್ಟಳೆಗಳಿವೆ, ಹುಡುಗಿಯರನ್ನು ಕೂರಿಸಿ ಹೇಳಿದೆ. ತಡವಾಗಿ ಬಂದರೆ ಹೋದ ಹೊತ್ತು ಹೋಯಿತು. ಪಾಳಿಯನ್ನು ಅದಲುಬದಲು ಮಾಡಿಕೊಳ್ಳಬಹುದು, ಕಸಿಯುವಂತಿಲ್ಲ. ಯಾರ ಮೋಟರು ಸುಟ್ಟಿತೋ ಅದರ ನಷ್ಟ ಅವರದೇ, ಬೇರೆಯವರ ನೀರು ಕೇಳುವಂತಿಲ್ಲ. ಅಶ್ವಿನಿಯದು ಮುಗಿದಿತ್ತಾದರೂ ಬಂದು ಕುಳಿತಳು, "ನಾ ಟೈಮ್ ನೋಡ್ತೇನ್ರಿ ಅಜ್ಜಾ" ಎಂದಳು. ತ್ರಿಶಲಾಳ ಫೋನಿನ ನೆಟ್ಟು ಅವಳ ಪಾಠಗಳಿಗೇ ಸಾಲದು, ನನ್ನ ಫೋನೊಂದರಿಂದ ಅರ್ಧವೂ ಮುಗಿಯುವುದಿಲ್ಲ. ಅಕ್ಕಾತಾಯಿಯ ಫೋನು ಸೇರಿದರೆ ದಿನಕ್ಕೆ ಎಂಟು ಪಾಠ. ಹದಿನಾಲ್ಕು ದಿನಕ್ಕೆ ನೂರಾ ಹನ್ನೆರಡು. ಎಂಟು ಕಡಿಮೆ ಬಿತ್ತು.

ಆ ಎಂಟು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಆ ನಾಲ್ಕು ಪಾಠದ ಹೊರತಾಗಿ ಚಂಪಾಳ ಮುಖವೇ ದಿನಾ ಇನ್ನೊಂದೂವರೆ ಪಾಠದಷ್ಟು ನೆಟ್ಟು ತಿನ್ನುತ್ತಿತ್ತು.

ಮೂರಕ್ಕೆ ಹಚ್ಚಿ, ವಿಷಯ ಹೇಳಿದೆ. ಅವಳು ಫೋನನ್ನು ದೂರ ಹಿಡಿದಳು, ಮೊದಲ ಸಲ ಪೂರ್ತಿ ಮುಖ ಕಾಣಿಸಿತು.

"ಅಂದ್ರ ಹದಿನಾಕ ದಿನ ನಿಮ್ಮ ಮಾರಿ ಇಲ್ಲ."

"ಇಲ್ಲ."

"ಪಾಳಿ ಮಂದಿ ನೀವು. ಊರಾಗಿದ್ದಾಗೂ ಹಿಂಗ. ಎಲ್ಲಾರ ಹೊಲಾ ತೊಯ್ದ ಮ್ಯಾಲ ನಮ್ಮದು." ಎಮ್ಮೆ ಕೂಗಿತು. "ಆ ಹುಡಗಿ ಹೆಸರೇನಂದ್ರಿ?"

"ಸಾರಿಕಾ."

"ನನ್ನ ಪಾಳಿ ಅಕಿ ಹೆಸರಿಗೆ ಬರೀರಿ. ಮತ್ತ ಫೋನ್ ಮಾಡಬ್ಯಾಡ್ರಿ, ಮನಸ್ಸ ಹಿಂದ ಸರದೀತು." ತಾನೇ ಕಟ್ ಮಾಡಿದಳು.

ಅಕ್ಕಾತಾಯಿಯನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಮುಕಾದಮನ ಫೋನು ಬಂದರೆ ಯಾರು ಎತ್ತಬೇಕು ಎಂದಳು. ನಾನು ಎತ್ತುತ್ತೇನೆ, ವಖಾರಿಗೆ ಬಂದು ತಿಳಿಸುತ್ತೇನೆ ಎಂದೆ. ಸೀನುತ್ತ ಬರುತ್ತೀರಾ ಎಂದಳು. ಸೀನುತ್ತಲೇ ಬರುತ್ತೇನೆ ಎಂದೆ. ಮೊದಲ ದಿನವೇ ಫೋನು ಬಂತು. "ಕೋಣ್ ಬೋಲ್ತಯ್?" ಎಂದ ಮುಕಾದಮ, ಯಾರು ಮಾತಾಡುವುದು ಎಂದು.

"ಅಕ್ಕಾತಾಯಿಚಾ ಪಿ.ಎ.," ಎಂದೆ. ಆ ಕಡೆ ಅವನು ಅದನ್ನೇ ಕೂಗಿ ಹೇಳಿದ, ವಖಾರಿಯೆಲ್ಲ ನಕ್ಕ ಸದ್ದು. ನೋಡಿ, ನನ್ನ ಬಾಯಿಂದ ಹೊರಟ ಮೊದಲ ಮರಾಠಿ ತಮಾಷೆ ಅದು. ಅವತ್ತಿನಿಂದ ಓಣಿಯಲ್ಲಿ ನನ್ನ ಹೆಸರು ಪಿ.ಎ. ಆಜೋಬಾ.

ಹತ್ತು ದಿನ ಗಡಿಯಾರದಂತೆ ನಡೆಯಿತು. ಹುಡುಗಿಯರು ಕಾಲೇಜಿನಿಂದ ಬರುವುದು, ಕ್ಯಾಲೆಂಡರಿನಲ್ಲಿ ತಮ್ಮ ಹೆಸರಿನ ಚೌಕ ನೋಡುವುದು, ಕೂರುವುದು. ಈ ಸಲ ಬೀಡಿಯಿಲ್ಲ, ಒಬ್ಬೊಬ್ಬರಾಗಿ, ಕಿವಿಗೆ ವೈರು ಸಿಕ್ಕಿಸಿ. ಪಾಠ ಮುಗಿದು ಹಸಿರು ಗುರುತು ಬಿದ್ದಾಗ ನಾನು ಕ್ಯಾಲೆಂಡರಿನಲ್ಲಿ ಅರಿಸಿನದ ಬೊಟ್ಟು ಇಡುತ್ತಿದ್ದೆ.

ಹತ್ತನೆಯ ದಿನ ಮಧ್ಯಾಹ್ನ ನನಗೆ ಜೊಂಪು ಹತ್ತಿತು. ಮುಕಾದಮನ ಫೋನು ನಾಲ್ಕು ಸಲ ಬಡಿದುಕೊಂಡಿದೆ, ನಾನು ಎದ್ದಿಲ್ಲ. ಮರುದಿನ ಅಕ್ಕಾತಾಯಿ ವಖಾರಿಗೆ ಹೋದರೆ ಅವಳ ಜಾಗಕ್ಕೆ ಬೇರೆಯವಳು ಬಂದು ಕುಳಿತಿದ್ದಳು. ಅಕ್ಕಾತಾಯಿ ಬೈಯಲಿಲ್ಲ. ಬಂದವಳೇ ನಮ್ಮ ಗೋಡೆಯ ಗೂಡಿನಲ್ಲಿದ್ದ ತನ್ನ ಫೋನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಮ್ಮದು ತಪ್ಪಿಲ್ಲ ಆಜೋಬಾ. ನಮಗ ಹೊಟ್ಟಿ ಮೊದಲ," ಎಂದು ಹೋದಳು.

ಉಳಿದದ್ದು ನನ್ನ ಫೋನೊಂದೇ. ಕಡಿಮೆ ಬಿದ್ದ ಪಾಠಗಳನ್ನು ಐವರಿಗೂ ಹಂಚೋಣ ಎಂದು ನಾನು ಗೆರೆ ತಿದ್ದತೊಡಗಿದೆ. ಸಾರಿಕಾ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು.

"ಸುಟ್ಟದ್ದು ನಮ್ಮ ಮೋಟರ್ರಿ ಅಜ್ಜಾ. ನೀವ ಹೇಳಿದ್ರಿ. ಅವರದು ಮುಗೀಲಿ, ಉಳದ್ರ ನನಗ."

ನಾನೇ ಮಾಡಿದ ಕಟ್ಟಳೆ. ಮೂವತ್ತು ವರ್ಷ ಅದರ ಬಗ್ಗೆ ಹೆಮ್ಮೆಪಟ್ಟಿದ್ದೆ, ಅವತ್ತು ಅದನ್ನು ನುಂಗಲಾಗಲಿಲ್ಲ. ಪ್ರತಿದಿನ ವಖಾರಿಯ ಬಾಗಿಲಿಗೆ ಹೋಗಿ ನಿಂತೆ. ಮೂಲೆಯ ಬದಲಿ ಕೆಲಸಕ್ಕೆ ಕುಳಿತಿದ್ದ ಅಕ್ಕಾತಾಯಿ ನೋಡಿದರೂ ಏಳಲಿಲ್ಲ. ನಾನು ದೂರದಿಂದಲೇ ಇವತ್ತು ನಿನ್ನ ಮಗಳದು ಇಷ್ಟು ಉಳಿದಿದೆ ಎಂದು ಬೆರಳು ತೋರಿಸಿ, ಸೀನಿ, ಬರುತ್ತಿದ್ದೆ. ಒಂಬತ್ತು ಬೆರಳು. ಏಳು. ಐದು.

ಕೊನೆಯ ದಿನ ಉಳಿದ ನಾಲ್ವರದೂ ಮುಗಿಯಿತು. ಸಾರಿಕಾಳ ಮೂರು ಪಾಠ ಉಳಿಯಿತು, ನನ್ನ ಫೋನಿನ ನೆಟ್ಟು ತೀರಿತು. ವಖಾರಿಗೆ ಹೋಗಿ ಮೂರು ಬೆರಳು ತೋರಿಸಿ ಬಂದೆ. ಐದಕ್ಕೆ ಹತ್ತು ನಿಮಿಷ ಕಡಿಮೆ. ಒಂದೊಂದು ಪಾಠ ಮೂವತ್ತೈದು ನಿಮಿಷದ್ದು, ಮೇಲೆ ಪ್ರಶ್ನೆಗಳು. ಸಾರಿಕಾ ಫೋನನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಆಗ ಓಣಿಯಲ್ಲಿ ಒಬ್ಬಳದೇ ಚಪ್ಪಲಿಯ ಸದ್ದು. ಇಂಥ ಹೊತ್ತಿನಲ್ಲಿ ವಖಾರಿಯಿಂದ ಯಾರೂ ಬರುವುದಿಲ್ಲ.

ಅಕ್ಕಾತಾಯಿ! ತಲೆಗೆ ಕಟ್ಟಿದ ಬಟ್ಟೆ, ರೆಪ್ಪೆಯ ಮೇಲೆಲ್ಲ ತಂಬಾಕಿನ ಪುಡಿ.

"ಮುಕಾದಮ ಕೇಳಿದಾ, ಕುಠ ಚಾಲ್ಲೀಸ, ಎಲ್ಲಿ ಹೊಂಟಿ ಅಂತ. ಮಾಜ್ಯಾ ಪೋರೀಚಾ ನಂಬರ್ ಆಲಾಯ್ ಅಂದೆ. ನನ್ನ ಮಗಳ ಪಾಳಿ ಬಂದೈತಿ, ನಾಳಿ ಬೇಕಾದ್ರ ಕೆಲಸಾ ಕೊಡು, ಬಿಡು." ಸೊಂಟದಿಂದ ಫೋನು ಕಿತ್ತಳು. "ನಿಮ್ಮ ಮೂರು ಬಟ್ಟ ನನ್ನ ಕಣ್ಣಾಗ ಕೂತ ಬಿಟ್ಟಾವ ಆಜೋಬಾ. ತಂಬಾಕು ಕಾಣಸವಲ್ದು!"

ಸಾರಿಕಾಳಿಗೆ ನನ್ನ ಫೋನಿನ ದೊಡ್ಡ ಪರದೆಯಲ್ಲೇ ನೋಡಬೇಕಿತ್ತು. ಅಶ್ವಿನಿ ಎರಡೂ ಫೋನಿಗೆ ನಂಟು ಮಾಡಿದಳು. ಹಾಟ್‌ಸ್ಪಾಟ್ ಎನ್ನುತ್ತಾರೆ ಅದಕ್ಕೆ, ಒಬ್ಬರ ಬಾವಿಯ ನೀರು ಪಕ್ಕದ ಕಾಲುವೆಗೆ ಬಿಟ್ಟಂತೆ. ತಾಯಿಯ ಫೋನು ಮೂಲೆಯಲ್ಲಿದ್ದರೂ ನಡೆಯುತ್ತದೆ ಎಂದರು ಹುಡುಗಿಯರು. ಅಕ್ಕಾತಾಯಿ ಕೇಳಲಿಲ್ಲ. ದೀಪ ಹಿಡಿದಂತೆ ಎರಡೂ ಕೈಯಲ್ಲಿ ಫೋನು ಹಿಡಿದು ಮಗಳ ಪಕ್ಕದಲ್ಲಿ ಕುಳಿತಳು. ಮೊದಲ ಪಾಠ, ಹಸಿರು. ಎರಡನೆಯದು, ಹಸಿರು. ಹೊತ್ತು ಮುಳುಗುತ್ತಿತ್ತು. ಒಳಗೆ ನನ್ನ ತಾಟು ಮುಚ್ಚಿಟ್ಟಿತ್ತು, ಯಾರು ಏಳುತ್ತಾರೆ? ಮೂರನೆಯದರ ಕೊನೆಯ ಪ್ರಶ್ನೆಗೆ ಸಾರಿಕಾಳ ಬೆರಳು ಎರಡು ಉತ್ತರಗಳ ನಡುವೆ ನಿಂತಿತು. ಹಿಂದೆ ನಿಂತ ಐದು ಹುಡುಗಿಯರಿಗೂ ಉತ್ತರ ಗೊತ್ತು, ಒಬ್ಬಳೂ ತುಟಿ ಬಿಚ್ಚಲಿಲ್ಲ. ಅವಳೇ ಒತ್ತಿದಳು.

ಏಳಕ್ಕೆ ಎಂಟು ನಿಮಿಷ ಇರುವಾಗ ಹಸಿರು ಬಿತ್ತು. ಆ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದವು. ಚಿಕ್ಕೋಡಿಯ ಬಸ್ಸಿಳಿದು ಬಂದ ತ್ರಿಶಲಾ ಬಾಗಿಲಲ್ಲಿ ನಿಂತು ತನ್ನ ಫೋನಿನಲ್ಲಿ ಯಾದಿ ತೆಗೆದಳು. ಆರೂ ಹೆಸರು. ನನ್ನ ಕಾಲಿಗೆ ಬಿದ್ದಳು, ಹುಚ್ಚು ಹುಡುಗಿ. "ಅಜ್ಜಾ, ಕಾಲೇಜಿನಾಗ ಐದ ವರ್ಷ ಕಲತೇನಿ, ಇದನ್ನ ಯಾರೂ ಕಲಸಲಿಲ್ಲ," ಎಂದಳು. ಮುಂದಿನ ವಾರ ಪ್ರಾಂಶುಪಾಲರು ನನ್ನ ಕ್ಯಾಲೆಂಡರನ್ನು ತರಿಸಿಕೊಂಡು, ಅರಿಸಿನದ ಕಲೆ ಸಮೇತ ನೋಟೀಸ್ ಬೋರ್ಡಿಗೆ ಹಚ್ಚಿಸಿದರು. ಈಗ ಬೇರೆ ಓಣಿಗಳಲ್ಲೂ ಪಾಳಿ ನಡೆದಿದೆ. ನಾಲ್ಕನೆಯ ಇಯತ್ತೆಯ ಅಕ್ಷರ, ಡಿಗ್ರಿ ಕಾಲೇಜಿನ ಗೋಡೆ!

ಪಾಠ ಮುಗಿದ ಆ ರಾತ್ರಿ ಎಂಟಕ್ಕೆ ಅಕ್ಕಾತಾಯಿ ಬಿಸಿ ಜೋಳದ ಭಾಕರಿ, ಝುಣಕ ತಂದಿದ್ದಳು. ಹೊತ್ತು ಮುಳುಗಿದೆ ತಾಯಿ, ಎಂದೆ. ತಾಟು ಹಿಡಿದುಕೊಂಡೇ ನಿಂತು ಲೆಕ್ಕ ಹಾಕಿದಳು, ಯಾಕೆ ಉಣ್ಣಲಿಲ್ಲವೆಂದು ಅರ್ಥವಾಯಿತು. ಮರುದಿನ ಬೆಳಕು ಹರಿದೊಡನೆ ಹೊಸದಾಗಿ ಬಡಿದು ತಂದು, ನಾನು ತಿನ್ನುವವರೆಗೆ ಕದಲಲಿಲ್ಲ. ಮುಕಾದಮ ಅವಳ ಜಾಗ ಅವಳಿಗೇ ಕೊಟ್ಟ ಎನ್ನುವುದನ್ನೂ ಬರೆಯಬೇಕು. ಪಿ.ಎ. ಆಜೋಬಾನ ಹೆದರಿಕೆಗೆ ಅಂತೆ.

ಪರೀಕ್ಷೆಗಳು ಮುಗಿದು ರಜೆ ಬಿದ್ದಾಗ ನಾನು ಐನಾಪುರಕ್ಕೆ ಹೋದೆ. ಗದ್ದೆಯ ಬದುವಿನ ಮೇಲೆ ಚಂಪಾಳ ಜೊತೆ ಕುಳಿತಿದ್ದಾಗ ಫೋನು ಬಡಿದುಕೊಂಡಿತು. ಸಾರಿಕಾ, ಮೊದಲ ದರ್ಜೆ. ಆ ಕಡೆಯಿಂದ ಓಣಿಯೇ ಕಿರುಚುತ್ತಿತ್ತು, ಯಾರೋ ತಾಟು ಬಡಿಯುತ್ತಿದ್ದರು, ಅಕ್ಕಾತಾಯಿ ಅಳುತ್ತ ನಗುತ್ತಿದ್ದಳು. ಈ ಕಡೆ ನನ್ನ ಸುತ್ತ ಕಬ್ಬು, ತಂಪು ಗಾಳಿ, ಎಂಟು ತಿಂಗಳು ಹಂಬಲಿಸಿದ್ದ ಮೋಟರಿನ ಸದ್ದು. ಒಂದು ಸೀನೂ ಇಲ್ಲ. ನನ್ನ ಜೀವ ಮಾತ್ರ ಆ ಗದ್ದಲದಲ್ಲಿತ್ತು. ಚಂಪಾ ಫೋನು ಕಸಿದುಕೊಂಡು ಪರದೆಗೆ ಮುಖ ಒತ್ತಿದಳು. "ಹಿಂದ ಸರೀಬೇ ತಂಗಿ, ಪೂರಾ ಮಾರಿ ತೋರಸು. ನಿನ್ನ ಸಂಬಂಧ ಹದಿನಾಕ ದಿನ ಇವರ ಮಾರಿ ಬಿಟ್ಟೇನಿ, ನಿನ್ನ ಮಾರಿನಾರ ನೋಡ್ತೇನಿ!"

ಸಂಜೆ ಪೇಢೆ ತಂದು ಬಸದಿಯ ಮುಂದೆ ಕುಳಿತಿದ್ದ ಗೆಳೆಯರಿಗೆ ಹಂಚಿದೆ.

"ಯಾರ ಪಾಸಾದ್ರೋ?" ಎಂದರು.

"ನಮ್ಮ ಓಣಿ ಹುಡಗಿ."

ಅವರು ನಮ್ಮ ಐನಾಪುರದ ಓಣಿಯ ಮನೆಗಳನ್ನು ತುದಿಯಿಂದ ಒಂದೊಂದಾಗಿ ನೆನೆಸಿಕೊಳ್ಳುತ್ತ, ಯಾರ ಮಗಳಿರಬಹುದೆಂದು ತಲೆ ಕೆರೆದುಕೊಂಡರು. ನಾನು ಬಿಡಿಸಿ ಹೇಳಲಿಲ್ಲ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು, ಒಬ್ಬೊಬ್ಬರ ಕೈಗೆ ಇನ್ನೊಂದೊಂದು ಪೇಢೆ ಹಾಕಿದೆ.